ಸಹಾಯ ಬೇಕು: ಗಿಟ್ ರೀಪ್ಯಾಕ್ ಅರ್ಧಕ್ಕೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಟೀಮಿನ ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಸರ್ವರ್ ನೋಡಿಕೊಳ್ಳುವವಳು ನಾನೇ. 8 ಜಿಬಿ ರ‍್ಯಾಮ್ ಇರುವ ಮಶೀನು, ರೆಪೊ (ಆ ಇತಿಹಾಸವಿರುವ ಸಂಗ್ರಹ) 31 ಜಿಬಿ. ಕೆಲಸದ ಹೊತ್ತಿನಲ್ಲಿ ತೊಂದರೆ ಎಂದು ಆಟೋ ಜಿಸಿ (ಗಿಟ್ ತಾನಾಗಿ ಮಾಡುವ ಸ್ವಚ್ಛತೆ) ಹಿಂದೆಯೇ ಆಫ್ ಮಾಡಿದ್ದೆವು. ಈಗ ಪ್ಯಾಕ್ ಫೈಲುಗಳು (ರೆಪೊದ ತುಣುಕುಗಳನ್ನು, ಅಂದರೆ ಆಬ್ಜೆಕ್ಟ್‌ಗಳನ್ನು, ಒಟ್ಟಿಗೆ ಕಟ್ಟಿಟ್ಟ ಫೈಲುಗಳು) 400 ದಾಟಿವೆ. ಒಂದು ಆಬ್ಜೆಕ್ಟ್ ಸಿಗಬೇಕಾದರೂ ಗಿಟ್ ಪ್ಯಾಕ್‌ಗಳ ಇಂಡೆಕ್ಸ್ (ವಿಷಯಸೂಚಿ) ಒಂದರ ಮೇಲೊಂದು ತಡಕಾಡಬೇಕು, ಹಾಗಾಗಿ ಕ್ಲೋನ್ (ರೆಪೊದ ಪ್ರತಿ ಇಳಿಸಿಕೊಳ್ಳುವುದು) ತೀರಾ ನಿಧಾನ.

ಮೊನ್ನೆ ರಾತ್ರಿ ಎ, ಡಿ, ಎಫ್ ಆಪ್ಷನ್ ಹಾಕಿ, ವಿಂಡೋ (ಒಂದು ಆಬ್ಜೆಕ್ಟನ್ನು ಹೋಲಿಸಿ ನೋಡುವ ಇತರ ಆಬ್ಜೆಕ್ಟ್‌ಗಳ ಸಂಖ್ಯೆ) 250 ಕೊಟ್ಟು, ಎಲ್ಲ ಪ್ಯಾಕ್‌ಗಳನ್ನೂ ಕೂಡಿಸುವ ಪೂರ್ತಿ ರೀಪ್ಯಾಕ್‌ಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೆಮೊರಿ ಸಾಲದೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮಿನ ತಿರುಳು) ಅದನ್ನು ಕೊಂದಿತ್ತು. ಪ್ಯಾಕ್ ಫೋಲ್ಡರಿನಲ್ಲಿ 19 ಜಿಬಿಯ ಅರೆಬರೆ ಟೆಂಪ್ ಫೈಲ್ ಮಾತ್ರ ಉಳಿದಿತ್ತು. ಎಫ್ ಹಾಕಿದ್ದೇ ತಪ್ಪು ಅನ್ನಿಸುತ್ತಿದೆ: ಅದು ಹಳೆಯ ಡೆಲ್ಟಾಗಳನ್ನು (ಒಂದು ಆಬ್ಜೆಕ್ಟ್ ಇನ್ನೊಂದಕ್ಕಿಂತ ಎಲ್ಲಿ ಬೇರೆ ಎಂದಷ್ಟೇ ಬರೆದಿಟ್ಟ ರೂಪ) ಬಿಟ್ಟು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ವಿಂಡೋ ಮೆಮೊರಿ ಮಿತಿಯೂ ಪ್ರತಿ ಥ್ರೆಡ್‌ಗೆ (ಏಕಕಾಲದಲ್ಲಿ ನಡೆಯುವ ಕೆಲಸದ ಎಳೆ) ಬೇರೆ ಬೇರೆ ಎಂಬುದು ಆಮೇಲೆ ತಿಳಿಯಿತು.

ಈಗ ಗಿಟ್ 2.30ರಿಂದ ಹೊಸ ಆವೃತ್ತಿಗೆ ಹೋಗಿ, 2.32ರಲ್ಲಿ ಬಂದ ಜಿಯೋಮೆಟ್ರಿಕ್ ರೀಪ್ಯಾಕ್ ಬಳಸೋಣ ಅಂತಿದ್ದೇನೆ. ಅಂಶ 2 ಕೊಟ್ಟರೆ ಪ್ರತಿ ಪ್ಯಾಕ್‌ನಲ್ಲೂ ತನಗಿಂತ ಚಿಕ್ಕದರ ಎರಡರಷ್ಟಾದರೂ ಆಬ್ಜೆಕ್ಟ್ ಇರುವಂತೆ ಸಣ್ಣವನ್ನಷ್ಟೇ ಕೂಡಿಸುತ್ತದೆ, ದೊಡ್ಡ ಪ್ಯಾಕ್ ಮುಟ್ಟುವುದಿಲ್ಲ. ಜೊತೆಗೆ ಮಲ್ಟಿ ಪ್ಯಾಕ್ ಇಂಡೆಕ್ಸ್ (ಹಲವು ಪ್ಯಾಕ್‌ಗಳಿಗೆ ಒಂದೇ ಸೂಚಿ), ಬಿಟ್‌ಮ್ಯಾಪ್ (ಯಾವ ಆಬ್ಜೆಕ್ಟ್ ಬೇಕೆಂದು ಬೇಗ ತಿಳಿಸುವ ಪಟ್ಟಿ) ಸಹ ಬಳಸುವ ಯೋಚನೆ.

ಹೀಗೆ ನಡೆಸುತ್ತಿರುವವರು ದಯವಿಟ್ಟು ಹೇಳಿ: ಪೂರ್ತಿ ರೀಪ್ಯಾಕ್ ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ? 8 ಜಿಬಿಯಲ್ಲಿ ಥ್ರೆಡ್ ಎಷ್ಟಕ್ಕೆ ಇಳಿಸಲಿ? ನಮ್ಮಲ್ಲಿ ವಿಡಿಯೋ, ಜಿಪ್ ಫೈಲುಗಳು ಬಹಳ. ಅವುಗಳಿಗೆ ಡೆಲ್ಟಾ ಬೇಡ ಎಂದು ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಬರೆದು ಯಾರಿಗಾದರೂ ಸಮಯ ಉಳಿದಿದೆಯೇ? ಶನಿವಾರ ರಾತ್ರಿ ಮತ್ತೆ ಪ್ರಯತ್ನಿಸಬೇಕು. ಬ್ಯಾಕಪ್ ತೆಗೆದಿಟ್ಟಿದ್ದೇನೆ.