ಕಂಪ್ಯೂಟರ್ ‘ಬೂಟ್’ ಆಗುವುದಕ್ಕೆ ‘ಏಳು’ ಅಂದರೆ ಸಾಕಲ್ವಾ?

ಗೆಳೆಯರೇ, ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಕಂಪ್ಯೂಟರ್ ಬೂಟ್ ಆಗುವುದಕ್ಕೆ, ಅಂದರೆ ಬಟನ್ ಒತ್ತಿದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗುವುದಕ್ಕೆ, ನಿಮ್ಮ ಮನೆಯಲ್ಲಿ ಏನಂತೀರಿ? ಪದಕೋಶದಲ್ಲಿ ಏನಿದೆ ಅಂತ ಅಲ್ಲ, ಬಾಯಲ್ಲಿ ಏನು ಬರುತ್ತದೆ ಅಂತ.

ಕಳೆದ ತಿಂಗಳು ಡೊಂಬಿವಲಿಯಲ್ಲಿರುವ ನಮ್ಮ ಮಾವನವರ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದೆವು, ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ಬೇಗ ಮಾಡುವ ಹೊಸ ಬಗೆಯ ಡ್ರೈವ್. ಹತ್ತು ವರ್ಷದ ಹಳೇ ಮೆಷೀನು. ಮಾವ ಅದರಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಹಾಕಿಕೊಂಡು ದಿನಾ ಏನಾದರೂ ಬರೆಯುತ್ತಾರೆ. ಬೆಳಿಗ್ಗೆ ಬಟನ್ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದರು. ಬಂದು ದೇವರಿಗೆ ದೀಪ ಹಚ್ಚಿ, ಅಲ್ಲಿಂದಲೇ ‘ಎದ್ದಿತಾ ಅದು?’ ಅಂತ ಕೇಳುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಬಗ್ಗಿ ನೋಡಿ ‘ಇಲ್ಲ, ಇನ್ನೂ ಎದ್ದಿಲ್ಲ’ ಅನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಈ ಮಾತು ಕೇಳಿದ್ದೇನೆ. ಅದು ಬೂಟ್ ಅನ್ನುವುದಕ್ಕೆ ಕನ್ನಡ ಪದ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಎಸ್‌ಎಸ್‌ಡಿ ತಂದದ್ದು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರ್ಯಾಂಟ್ ರೋಡ್. ಆ ರಸ್ತೆಗೆ ಡಾ. ಭಡಕಮಕರ್ ಮಾರ್ಗ ಅಂತ ಹೆಸರಾಗಿ ಎಷ್ಟೋ ಕಾಲವಾಯಿತು. ಲಾರ್ಡ್ ಲ್ಯಾಮಿಂಗ್ಟನ್ ಬಾಂಬೆಯ ಗವರ್ನರ್ ಆಗಿದ್ದದ್ದು 1903ರಿಂದ 1907ರವರೆಗೆ, ನಾಲ್ಕೇ ವರ್ಷ. ಆದರೂ ಟ್ಯಾಕ್ಸಿಯವರ ಬಾಯಲ್ಲಿ ಇವತ್ತಿಗೂ ಹಳೇ ಹೆಸರೇ. ಬಾಯಿಗೆ ಹತ್ತಿದ ಪದವನ್ನು ಬೋರ್ಡು ಬದಲಿಸಿ ಬಿಡಿಸಲು ಆಗುವುದಿಲ್ಲ. ನಾವು ಪದ ಕಟ್ಟುವಾಗ ಇದನ್ನು ನೆನಪಿಡಬೇಕು ಅಂತ ಅಲ್ಲಿ ನಡೆಯುವಾಗಲೇ ಅನ್ನಿಸಿತು.

256 ಜಿಬಿಯದು ತಂದೆವು. ಎರಡೂವರೆ ಇಂಚಿನ ಸೈಜು, 7 ಮಿಲಿಮೀಟರ್ ದಪ್ಪ. ಇಸ್ಪೀಟು ಕಟ್ಟಿಗಿಂತ ತೆಳು. ಮಾವ ಅದನ್ನು ಅಂಗೈಯಲ್ಲಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಒಳಗೆ ಅಲ್ಲಾಡುವಂಥದ್ದು ಏನೂ ಇಲ್ಲ, ಬರೀ ಚಿಪ್ಪುಗಳು. ಹಳೇ ಹಾರ್ಡ್ ಡಿಸ್ಕನ್ನು ತೆಗೆಯಲಿಲ್ಲ, ಫೋಟೋ ಇಡುವುದಕ್ಕೆ ಅಲ್ಲೇ ಬಿಟ್ಟೆವು. ವಿಂಡೋಸ್ ಮಾತ್ರ ಹೊಸದಕ್ಕೆ ಬಂತು.

ಕೆಲಸ ಮುಗಿದ ಮೇಲೆ ಮಾವನವರಿಗಾಗಿ ಒಂದು ಚೀಟಿ ಬರೆದೆ. ಏನು ಬದಲಾಯಿತು, ಫೈಲುಗಳು ಎಲ್ಲಿವೆ, ಏನಾದರೂ ಕೆಟ್ಟರೆ ಮೊದಲು ಏನು ನೋಡಬೇಕು, ಇಷ್ಟೇ. ಮೊದಲನೇ ಸಾಲಿನಲ್ಲೇ ‘ಬೂಟ್ ಡ್ರೈವ್ ಬದಲಾಗಿದೆ’ ಅಂತ ಬರೆದಿದ್ದೆ. ಅವರು ಕನ್ನಡಕ ಏರಿಸಿ ಓದಿ, ‘ಬೂಟಿಗೂ ಇದಕ್ಕೂ ಎಂಥ ಸಂಬಂಧ ಮಾರಾಯ್ತಿ?’ ಅಂದರು.

ಸಂಬಂಧ ನಿಜಕ್ಕೂ ಇದೆ. ಎತ್ತರದ ಬೂಟುಗಳ ಹಿಂದೆ ಎಳೆದು ಹಾಕಿಕೊಳ್ಳಲು ಒಂದು ಪಟ್ಟಿ ಇರುತ್ತದೆ, ಅದು ಬೂಟ್‌ಸ್ಟ್ರ್ಯಾಪ್. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅಂತ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟು. 1950ರ ದಶಕದ ಕಂಪ್ಯೂಟರಿನವರು ಅದನ್ನು ಎರವಲು ತಂದರು. ಯಾಕೆಂದರೆ ಅಲ್ಲಿ ಅಂಥದ್ದೇ ಒಂದು ಒಗಟು ಇತ್ತು. ಪ್ರೋಗ್ರಾಮನ್ನು ಒಳಗೆ ತರುವುದಕ್ಕೂ ಒಂದು ಪ್ರೋಗ್ರಾಮ್ ಬೇಕು. ಅದನ್ನು ಯಾರು ತರಬೇಕು? ಉತ್ತರ: ತೀರಾ ಪುಟ್ಟದೊಂದನ್ನು ಮೊದಲು ತರುವುದು, ಅದು ತನಗಿಂತ ದೊಡ್ಡದನ್ನು ತರುತ್ತದೆ. ಈಗಲೂ ಹಾಗೇ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಇರುತ್ತದೆ. ಅದು ಮೆಮೊರಿ, ಕೀಬೋರ್ಡ್ ಎಲ್ಲ ಇದೆಯಾ ಅಂತ ನೋಡಿ ಡ್ರೈವ್ ಹುಡುಕುತ್ತದೆ. ಹಳೇ ಪದ್ಧತಿಯಲ್ಲಿ ಡ್ರೈವಿನ ಮೊದಲ 512 ಬೈಟ್ ಮಾತ್ರ ಓದುತ್ತಿತ್ತು. ಆ 512 ಬೈಟ್ ಇನ್ನೊಂದನ್ನು ಕರೆಯುತ್ತದೆ, ಅದು ಕೊನೆಗೆ ವಿಂಡೋಸನ್ನು ತರುತ್ತದೆ.

ಮಾವನವರಿಗೆ ನಾನು ಹೇಳಿದ್ದು ಒಲೆಯ ಉದಾಹರಣೆ. ಸೌದೆಗೆ ನೇರ ಕಡ್ಡಿ ಗೀರಿದರೆ ಹತ್ತುವುದಿಲ್ಲ. ಮೊದಲು ಒಣ ಗರಿ, ಅದರಿಂದ ಚಿಕ್ಕ ಕಡ್ಡಿಗಳು, ಆಮೇಲೆ ಸೌದೆ. ಅವರಿಗೆ ತಕ್ಷಣ ಹಿಡಿಸಿತು. ಹಾಗಾದರೆ ‘ಹೊತ್ತಿಸು’ ಅನ್ನಬಹುದಲ್ಲ ಅಂತ ನನಗೂ ಅರ್ಧ ದಿನ ಆಸೆಯಾಯಿತು. ಆದರೆ ‘ಕಂಪ್ಯೂಟರ್ ಹೊತ್ತಿಕೊಂಡಿತು’ ಅಂದರೆ ಅಕ್ಕಪಕ್ಕದವರು ನೀರು ಹಿಡಿದುಕೊಂಡು ಓಡಿ ಬರುತ್ತಾರೆ. ಉಪಮೆಯಾಗಿ ಚೆನ್ನಾಗಿರುವುದೆಲ್ಲ ಪದವಾಗಿ ನಿಲ್ಲುವುದಿಲ್ಲ.

ಉಳಿದ ಪದಗಳನ್ನೂ ಹಾಕಿ ನೋಡಿದೆ. ‘ಆನ್ ಆಗು’ ಸಾಲುವುದಿಲ್ಲ. ದೀಪ ಹತ್ತಿದೆ, ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು, ಇಂಥ ಹೊತ್ತಿನಲ್ಲಿ ಅದು ಆನ್ ಆಗಿದೆ, ಬೂಟ್ ಆಗಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದಾಗ ಈ ಎರಡನ್ನು ಬೇರೆ ಬೇರೆ ಹೇಳಲೇಬೇಕು, ಇಲ್ಲದಿದ್ದರೆ ಅವರು ಪವರ್ ಸಪ್ಲೈ ಹೊತ್ತುಕೊಂಡು ಬರುತ್ತಾರೆ. ಇಲ್ಲಿ ಮುಂಬೈಯಲ್ಲಿ ಮರಾಠಿ ನೆರೆಹೊರೆಯಿಂದಾಗಿ ನಮ್ಮ ಬಾಯಲ್ಲೂ ‘ಚಾಲೂ ಆಗು’ ಸಲೀಸಾಗಿ ಬರುತ್ತದೆ. ಹುಬ್ಬಳ್ಳಿ-ಧಾರವಾಡದವರಿಗಂತೂ ಅದು ಮನೆಮಾತೇ. ಆದರೆ ಫ್ಯಾನೂ ಚಾಲೂ ಆಗುತ್ತದೆ, ಮಳೆಯೂ ಚಾಲೂ ಆಗುತ್ತದೆ. ‘ಶುರುವಾಗು’ ಕೂಡ ಹಾಗೇ. ‘ಪ್ರಾರಂಭಗೊಳ್ಳು’ ಬರವಣಿಗೆಯಲ್ಲಿ ಸರಿ, ದೇವರ ಮನೆಯಿಂದ ಕೂಗಿ ಕೇಳಲು ಬರುವುದಿಲ್ಲ.

‘ಏಳು’ ಎಲ್ಲಿ ಗೆಲ್ಲುತ್ತದೆ ಅಂತ ನನಗೆ ಗೊತ್ತಾದದ್ದು ಒಂದು ಎಡವಟ್ಟಿನಿಂದ. ವಿಂಡೋಸನ್ನು ಹೊಸ ಡ್ರೈವಿಗೆ ನಕಲು ಮಾಡಿ ಮೆಷೀನ್ ಮುಚ್ಚಿದೆವು. ಬಟನ್ ಒತ್ತಿದರೆ ಮೊದಲಿನಷ್ಟೇ ಹೊತ್ತು. ಅದೇ ಕರಕರ ಸದ್ದು. ಮಾವನ ಮುಖ ಸಣ್ಣದಾಯಿತು. ದುಡ್ಡು ದಂಡವಾಯಿತು ಅಂದುಕೊಂಡರೋ ಏನೋ, ಬಾಯಿಬಿಟ್ಟು ಹೇಳಲಿಲ್ಲ. ನೋಡಿದರೆ ಬಯಾಸಿನಲ್ಲಿ, ಅಂದರೆ ಮದರ್‌ಬೋರ್ಡಿನ ಆ ಚಿಕ್ಕ ಪ್ರೋಗ್ರಾಮಿನಲ್ಲಿ, ಡ್ರೈವುಗಳ ಸರದಿ ಬದಲಿಸಿರಲಿಲ್ಲ, ಅದು ಹಳೆಯದನ್ನೇ ಮೊದಲು ಹುಡುಕುತ್ತಿತ್ತು. ನನ್ನ ಬಾಯಿಂದ ತಾನಾಗಿ ಬಂದ ಮಾತು ಇದು: ‘ಮಾವ, ಇದು ಇನ್ನೂ ಹಳೇ ಡಿಸ್ಕಿನಿಂದಲೇ ಏಳುತ್ತಿದೆ.’

ಆ ‘ಇಂದ’ ನೋಡಿ. ಹಾಸಿಗೆಯಿಂದ ಏಳು, ಊಟದಿಂದ ಏಳು, ಡಿಸ್ಕಿನಿಂದ ಏಳು. ಹೊಸ ಅರ್ಥ ಬಂದರೂ ವ್ಯಾಕರಣ ಒಂದಿಷ್ಟೂ ತೊಡಕಲಿಲ್ಲ. ಸಕರ್ಮಕ ಬೇಕಾದರೆ ‘ಎಬ್ಬಿಸು’ ಸಿದ್ಧವಾಗಿದೆ. ಮತ್ತೆ ಬೂಟ್ ಮಾಡುವುದಕ್ಕೆ ‘ಮತ್ತೆ ಎಬ್ಬಿಸು’. ಬೂಟ್ ಡ್ರೈವ್ ಅಂದರೆ ‘ಎಬ್ಬಿಸುವ ಡ್ರೈವ್’. ಏಳುವುದು ಕಂಪ್ಯೂಟರ್, ಡ್ರೈವ್ ಅಲ್ಲ, ಹಾಗಾಗಿ ‘ಏಳುವ ಡ್ರೈವ್’ ತಪ್ಪಾಗುತ್ತದೆ. ಸರದಿ ಬದಲಿಸಿದ ಮೇಲೆ ಮೆಷೀನು ಇಪ್ಪತ್ತು ಸೆಕೆಂಡ್ ಚಿಲ್ಲರೆಯಲ್ಲಿ ಎದ್ದಿತು. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟವರು ಬಾಗಿಲಲ್ಲೇ ನಿಂತುಬಿಟ್ಟರು.

ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಏಳುವ ಹೊತ್ತಿಗೆ ವಿಂಡೋಸ್ ಡಿಸ್ಕಿನ ಮೂಲೆ ಮೂಲೆಯಿಂದ ಸಾವಿರಾರು ಚಿಕ್ಕ ಫೈಲುಗಳನ್ನು ಹೆಕ್ಕುತ್ತದೆ. ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಓದುವ ಮುಳ್ಳು ಜಾಗಕ್ಕೆ ಹೋಗಬೇಕು, ಬೇಕಾದ ಭಾಗ ತಿರುಗಿ ಬರುವವರೆಗೆ ಕಾಯಬೇಕು, ಪ್ರತಿ ಸಲವೂ. ಎಸ್‌ಎಸ್‌ಡಿಯಲ್ಲಿ ಹೋಗುವುದೂ ಇಲ್ಲ, ಕಾಯುವುದೂ ಇಲ್ಲ.

ಈಗ ‘ಏಳು’ವಿನ ತೊಂದರೆಗೆ ಬರುತ್ತೇನೆ. ನೀವು ಕೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಸ್ಲೀಪ್ ಅಂತ ಇನ್ನೊಂದಿದೆ. ಅದರಿಂದ ಹೊರಬರುವುದೂ ಏಳುವುದೇ ಅಲ್ವಾ? ಸ್ಲೀಪಿನಲ್ಲಿ ಮೆಮೊರಿಗೆ ಕರೆಂಟು ಹರಿಯುತ್ತಿರುತ್ತದೆ, ತೆರೆದಿಟ್ಟ ಕಡತ ಹಾಗೇ ಇರುತ್ತದೆ. ಬೂಟ್ ಅಂದರೆ ಎಲ್ಲ ಮೊದಲಿನಿಂದ. ಎರಡಕ್ಕೂ ಒಂದೇ ಪದ ಹಾಕಿದರೆ ಗೊಂದಲ.

ಇದಕ್ಕೆ ಉತ್ತರವೂ ಮನೆಯಲ್ಲೇ ಸಿಕ್ಕಿತು. ರಜೆಯ ದಿನ ಮಗನ ಬಗ್ಗೆ ಕೇಳಿದರೆ ಅತ್ತೆ ಹೇಳುವುದು, ‘ಎಚ್ಚರ ಆಗಿದೆ, ಎದ್ದಿಲ್ಲ.’ ಕನ್ನಡದಲ್ಲಿ ಎಚ್ಚರವಾಗುವುದು ಬೇರೆ, ಏಳುವುದು ಬೇರೆ. ಎರಡೂ ಒಂದೇ ಬೇರಿನವು. ಹಳಗನ್ನಡದ ‘ಏೞ್’ ನಮ್ಮ ಏಳು ಆಯಿತು, ‘ಎೞ್ಚತ್ತು’ ಅನ್ನುವುದು ಎಚ್ಚೆತ್ತು ಆಯಿತು. ಹಾಗಾದರೆ ಸ್ಲೀಪಿನಿಂದ ಬರುವುದಕ್ಕೆ ‘ಎಚ್ಚರವಾಗು’, ಬೂಟಿಗೆ ‘ಏಳು’. ಈ ಭೇದವನ್ನು ನಾವು ಹೊಸದಾಗಿ ಮಾಡಬೇಕಾಗಿಲ್ಲ. ನನಗೆ ತುಂಬ ಸಂತೋಷ ಕೊಟ್ಟದ್ದು ಇದೇ. ತುಳು ಮಾತಾಡುವ ಮನೆಗಳಲ್ಲಿ ಏಳುವುದಕ್ಕೆ ‘ಲಕ್ಕುನಿ’ ಅನ್ನುತ್ತಾರೆ. ಅವರೂ ಅದನ್ನು ಕಂಪ್ಯೂಟರಿಗೆ ಹಚ್ಚುತ್ತಾರಾ ಅಂತ ಬಲ್ಲವರು ಹೇಳಿ.

ಇನ್ನೊಂದು ಚಿಕ್ಕ ತೊಡಕು. ‘ಏಳು’ ಸಂಖ್ಯೆಯೂ ಹೌದು. ಬಟನ್ ಮೇಲೆ ಬರೀ ‘ಏಳು’ ಅಂತಿದ್ದರೆ ಏಳನೆಯ ಬಟನ್ ಅಂದುಕೊಳ್ಳಬಹುದು. ಅಂಥ ಕಡೆ ‘ಎಬ್ಬಿಸು’ ಹಾಕಿದರಾಯಿತು.

ಎಸ್‌ಎಸ್‌ಡಿ ಅನ್ನುವುದಕ್ಕೆ ಕನ್ನಡ ಬೇಕಾ ಅಂತ ಕೆಲವರು ಕೇಳಬಹುದು. ‘ಘನಸ್ಥಿತಿ’ ಅನ್ನುವ ಅನುವಾದ ಓದಿದವರಿಗೆ ಗಟ್ಟಿ ಪೆಟ್ಟಿಗೆ ಅನ್ನಿಸುತ್ತದೆ. ಅಲ್ಲಿ ಸಾಲಿಡ್ ಅಂದದ್ದು ಆ ಅರ್ಥದಲ್ಲಲ್ಲ. ವಾಲ್ವ್ ರೇಡಿಯೋ ಕಾಲದಲ್ಲಿ ಗಾಜಿನ ಕೊಳವೆಯೊಳಗಿನ ಖಾಲಿ ಜಾಗದಲ್ಲಿ ಓಡುತ್ತಿದ್ದ ಎಲೆಕ್ಟ್ರಾನುಗಳು ಟ್ರಾನ್ಸಿಸ್ಟರ್ ಬಂದ ಮೇಲೆ ಗಟ್ಟಿ ಹರಳಿನೊಳಗೆ ಓಡತೊಡಗಿದವು, ಅದರಿಂದ ಬಂದ ಹೆಸರು. ವಸ್ತುವಿನ ಹೆಸರು ಡಬ್ಬದ ಮೇಲೆ ಅಚ್ಚಾಗಿ ಬರುತ್ತದೆ, ಬರಲಿ. ಅದು ಮಾಡುವ ಕೆಲಸಕ್ಕೆ ಮಾತ್ರ ನಮ್ಮ ಕ್ರಿಯಾಪದ ಇರಬೇಕು ಅನ್ನುವುದು ನನ್ನ ಅನಿಸಿಕೆ.

ದಯವಿಟ್ಟು ನಿಮ್ಮ ಕಡೆಯ ಬಳಕೆ ತಿಳಿಸಿ. ಬರೀ ಪದ ಬೇಡ, ಮನೆಯಲ್ಲಿ ಆಡಿದ ಇಡೀ ವಾಕ್ಯ ಬರೆಯಿರಿ. ದೀಪ ಹತ್ತಿ ಪರದೆ ಬಾರದಿದ್ದಾಗ ಧಾರವಾಡದ ಕಡೆ ಏನಂತಾರೆ, ಮೈಸೂರಿನ ಕಡೆ ಏನಂತಾರೆ? ‘ಏಳಿಸು’ ಅನ್ನುವವರು ಇದ್ದೀರಾ, ‘ಎಬ್ಬಿಸು’ ಒಂದೇನಾ? ಮಾವನವರ ಚೀಟಿಯಲ್ಲಿ ‘ಬೂಟ್ ಡ್ರೈವ್’ ಹೊಡೆದುಹಾಕಿ ‘ಎಬ್ಬಿಸುವ ಡ್ರೈವ್’ ಅಂತ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮಾತು ಕೇಳಿದ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಸಿಪಿಯು ಪಕ್ಕದ ಗೋಡೆಗೆ ಅಂಟಿಸುತ್ತೇನೆ.