ಸೈಲೆನ್ಸರ್ ತೂತು ಮಾಡಿದೆ, ಪವರ್ ಬಂತು. ಈಗ ಬೇಸ್ ಗ್ಯಾಸ್ಕೆಟ್ ತೆಗೀಲಾ?

ಮರಕೊಯ್ಕ:
ಎಲ್ಲರಿಗೂ ನಮಸ್ಕಾರ. ನನ್ನದು 70 ಸಿಸಿ ಚೈನ್‌ಸಾ, ಬೋರು (ಸಿಲಿಂಡರಿನ ಒಳ ಅಗಲ) 50 ಎಂಎಂ, ಸ್ಟ್ರೋಕು (ಪಿಸ್ಟನ್ ಓಡೋ ದೂರ) 36 ಎಂಎಂ. ಸೆಕೆಂಡ್ ಹ್ಯಾಂಡ್. ಕಳೆದ ವಾರ ಸೈಲೆನ್ಸರ್ ಬಿಚ್ಚಿ, ಒಳಗಿನ ತಡೆಗೋಡೆ ಕತ್ತರಿಸಿ, ಮುಂದೆ ಇನ್ನೊಂದು ಬಾಯಿ ಕೊರೆದೆ. ಮಷಿನ್ನೇ ಬದಲಾದ ಹಾಗಿದೆ! ಮೊದಲು ರೇಸ್ ಕೊಟ್ಟರೆ ಗೊರಗೊರ ಅಂತಿತ್ತು, ಈಗ ಕೊಂಯ್ ಅಂತ ಒಂದೇ ಸಮನೆ ಹಾಡುತ್ತೆ. ಕಾರ್ಬ್ಯುರೇಟರ್ ಮುಟ್ಟಿಲ್ಲ, ಸ್ಕ್ರೂ ಮೇಲೆ ಪ್ಲಾಸ್ಟಿಕ್ ಟೊಪ್ಪಿಗೆ ಇದೆ, ಕಾಲು ಸುತ್ತೂ ತಿರುಗಲ್ಲ. ಮುಂದಿನ ಹೆಜ್ಜೆ ಸಿಲಿಂಡರ್ ಬುಡದಲ್ಲಿರೋ ತೆಳು ಹಾಳೆ, ಅದೇ ಬೇಸ್ ಗ್ಯಾಸ್ಕೆಟ್, ತೆಗೆದು ಕಂಪ್ರೆಷನ್ ಏರಿಸೋದು, ಎಕ್ಸಾಸ್ಟ್ ಪೋರ್ಟು (ಸಿಲಿಂಡರಿಂದ ಹೊಗೆ ಹೊರಗೆ ಹೋಗೋ ತೂತು) ಅಗಲ ಮಾಡೋದು ಅಂದ್ಕೊಂಡಿದ್ದೀನಿ. ಯಾವುದು ಮೊದಲು?
ಒಂದು ವಿಷಯ: ರೇಸ್ ಬಿಟ್ಟ ಮೇಲೆ ಐಡಲ್‌ಗೆ ಇಳಿಯೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ. ಪ್ಲಗ್ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಇದು ಒಳ್ಳೇ ಲಕ್ಷಣ ತಾನೆ?

ಹಳೇಪಿಸ್ಟನ್:
ತಮ್ಮಾ, ಮೊದಲು ಆ ಮಷಿನ್ ಆಫ್ ಮಾಡಿ ಬದಿಗಿಡು. ಪೋರ್ಟಿನ ಮಾತು ಆಮೇಲೆ.

ನನ್ನ ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಒಂದು ಪಿಸ್ಟನ್ ಇಟ್ಟಿದ್ದೀನಿ. ಇನ್‌ಟೇಕ್ ಕಡೆ ಕನ್ನಡಿ ಥರ ನುಣುಪು, ಎಕ್ಸಾಸ್ಟ್ ಕಡೆ ಮೇಲಿಂದ ಕೆಳಗೆ ಬೆಕ್ಕು ಪರಚಿದ ಹಾಗೆ ಗೀರು, ರಿಂಗು ಅದರ ತೋಡಿನಲ್ಲೇ ಮೆತ್ತಿಕೊಂಡಿದೆ. ನಾನೂ ನಿನ್ನ ಹಾಗೆ ಸೈಲೆನ್ಸರ್ ತೆರೆದು ಸ್ಕ್ರೂ ಮುಟ್ಟದೆ ಬಿಟ್ಟವನೇ. ಅದು ಸಾಯೋ ದಿನ ಕೊಯ್ದಷ್ಟು ಚೆನ್ನಾಗಿ ಯಾವತ್ತೂ ಕೊಯ್ದಿರಲಿಲ್ಲ. ಮೂರನೇ ಟ್ಯಾಂಕು ನಡೀತಿತ್ತು, ಶಬ್ದ ತಾನಾಗೇ ಒಂದು ಸ್ವರ ಮೇಲೇರಿತು, ನಿಂತೇ ಹೋಯ್ತು. ಹಗ್ಗ ಎಳೆದರೆ ಬಂಡೆಗೆ ಕಟ್ಟಿದ ಹಾಗೆ.

ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತೆ, ಸ್ಕ್ರೂ ಇದ್ದಲ್ಲೇ ಇದ್ದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬರಲ್ಲ. ಟೂ ಸ್ಟ್ರೋಕಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಹಾಗಾಗಿ ಲೀನ್ ಆದರೆ, ಅಂದರೆ ಗಾಳಿಗೆ ಪೆಟ್ರೋಲ್ ಕಮ್ಮಿಯಾದರೆ, ಬಿಸಿ ಏರುತ್ತೆ, ಜಾರಿಕೆ ಇಳಿಯುತ್ತೆ, ಎರಡೂ ಒಟ್ಟಿಗೆ. ನೀನು ಮೆಚ್ಚಿಕೊಂಡಿರೋ ಕೊಂಯ್ ಅನ್ನೋ ಹಾಡು ಅದೇ.

ಟೊಪ್ಪಿಗೆಗೆ ಸಣ್ಣ ಸ್ಕ್ರೂ ತಿರುಗಿಸಿ ಎಳೆದರೆ ಕಿತ್ತು ಬರುತ್ತೆ. ಫುಲ್ ರೇಸಿಗೆ ಪೆಟ್ರೋಲ್ ಎಷ್ಟು ಅಂತ ಹೊಂದಿಸೋ H ಸ್ಕ್ರೂವನ್ನು ಎಡಕ್ಕೆ ಅರ್ಧ ಸುತ್ತು ಬಿಚ್ಚು, ಅಂದರೆ ರಿಚ್, ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕ್ಲೀನ್ ಇರಲಿ, ಎಂಜಿನ್ ಬಿಸಿಯಾಗಿರಲಿ. ಮರಕ್ಕೆ ತಾಗಿಸದೆ ಎರಡು ಮೂರು ಸೆಕೆಂಡ್ ಮಾತ್ರ ಫುಲ್ ರೇಸ್ ಕೊಡು. ಬ್ಲ್ಬ್ಲ್ಬ್ಲ್ ಅಂತ ಉಗ್ಗಬೇಕು, ಗಂಟಲಲ್ಲಿ ನೀರಿಟ್ಟು ಮಾತಾಡಿದ ಹಾಗೆ. ಅದಕ್ಕೆ ಫೋರ್ ಸ್ಟ್ರೋಕಿಂಗ್ ಅಂತಾರೆ, ಮಿಕ್ಸ್ಚರ್ ದಪ್ಪ ಇರೋದರಿಂದ ಪ್ರತಿ ಸುತ್ತಿಗೂ ಸರಿಯಾಗಿ ಉರಿಯಲ್ಲ. ಈಗ ಮರಕ್ಕೆ ಇಳಿಸು. ಲೋಡ್ ಬಿದ್ದ ತಕ್ಷಣ ಉಗ್ಗು ನಿಂತು ಶಬ್ದ ಸಾಫಾಗಬೇಕು. ಸ್ವಲ್ಪ ಎತ್ತಿದರೆ ಮತ್ತೆ ಉಗ್ಗಬೇಕು. ಮರದೊಳಗೂ ಉಗ್ಗಿದರೆ ರಿಚ್ ಜಾಸ್ತಿ ಆಯ್ತು, ಒಂದೊಂದು ಕೂದಲೆಳೆ ಬಲಕ್ಕೆ ಬಾ.

ಇಲ್ಲೊಂದು ಮೋಸ ಇದೆ. ಸ್ಪಾರ್ಕ್ ಕೊಡೋ ಕೆಲವು ಇಗ್ನಿಷನ್ ಕಾಯಿಲಲ್ಲಿ ಆರ್‌ಪಿಎಂ ಲಿಮಿಟರ್ ಇರುತ್ತೆ, ಮಿತಿ ಮುಟ್ಟಿದಾಗ ಸ್ಪಾರ್ಕ್ ಕಡಿದು ಅದೂ ಥೇಟ್ ಹೀಗೇ ಉಗ್ಗುತ್ತೆ. ರಿಚ್ ಅಂದುಕೊಂಡು ನೀನು ಇನ್ನೂ ಲೀನ್ ಮಾಡ್ತೀಯ. ಟ್ಯಾಕೋಮೀಟರ್ ಹಿಡಿದು, ಕಂಪನಿ ಪುಸ್ತಕದಲ್ಲಿ ಬರೆದ ಆರ್‌ಪಿಎಂ ದಾಟಿಲ್ಲ ಅಂತ ಖಾತ್ರಿ ಮಾಡ್ಕೊ.

ಹೊಸ ಬಾಯಿಗೆ ಕಿಡಿ ತಡೆಯೋ ಜಾಲರಿ ಹಾಕಿದ್ದೀಯ ತಾನೆ? ತರಗೆಲೆ ಮೇಲೆ ಕೆಲಸ ಮಾಡೋ ಮಷಿನ್ನು ಇದು.

ಅರಹಿಡಿದವ:
ಅಣ್ಣ ಹೇಳಿದ್ದೆಲ್ಲ ಸರಿ. ನನ್ನದೊಂದು ಅಡ್ಡಮಾತು: ಚೈನಿಗೆ ಅರ ಹಾಕಿ ಎಷ್ಟು ದಿನ ಆಯ್ತು? ಹಲ್ಲಿನ ಮುಂದಿರೋ ಡೆಪ್ತ್ ಗೇಜ್ ಹಲ್ಲಿನ ತುದಿಗಿಂತ 0.65 ಎಂಎಂ ಕೆಳಗಿದೆಯಾ ನೋಡಿ. ಹಿಟ್ಟು ಬೀಳ್ತಿದ್ದರೆ ಚೈನು ಮೊಂಡ, ಚಕ್ಕೆ ಹಾರಬೇಕು. ಪೋರ್ಟು ಕೆತ್ತಿ ಬರೋ ಪವರ್ ಮೊಂಡ ಚೈನಿಗೆ ಸುರಿದರೆ ಬಾರ್ (ಚೈನು ಸುತ್ತೋ ಪಟ್ಟಿ) ಸುಡುತ್ತೆ ಅಷ್ಟೆ.

ಡಿಗ್ರಿವೀಲ್:
ಗ್ಯಾಸ್ಕೆಟ್ ತೆಗೆಯೋ ಮುಂಚೆ ಸ್ಕ್ವಿಶ್ ಅಳೆಯಿರಿ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಸಿಲಿಂಡರ್ ತಲೆಗೂ ನಡುವೆ ಉಳಿಯೋ ಸಂದು. ಪ್ಲಗ್ ತೂತಿನಿಂದ 1.5 ಎಂಎಂ ಸೋಲ್ಡರ್ ತಂತಿ ಸಿಲಿಂಡರ್ ಗೋಡೆಗೆ ತಾಗೋವರೆಗೆ ತೂರಿಸಿ, ಹಗ್ಗ ನಿಧಾನ ಎಳೆದು ಪಿಸ್ಟನ್ ಮೇಲೆ ಹಾಯಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರಲ್ಲಿ ಅಳೆಯಿರಿ. ಪಿಸ್ಟನ್ ಪಿನ್ನಿನ ಎರಡೂ ತುದಿ ಇರೋ ಕಡೆ ಅಳತೆ ತಗೊಳ್ಳಿ, ಬೇರೆ ಕಡೆ ಪಿಸ್ಟನ್ ವಾಲಿ ಸುಳ್ಳು ಹೇಳುತ್ತೆ. ನಾನು 0.5 ಎಂಎಂಗಿಂತ ಕೆಳಗೆ ಹೋಗಲ್ಲ.
ಗ್ಯಾಸ್ಕೆಟ್ ತೆಗೆದು ಸಿಲಿಂಡರ್ ಕೆಳಗೆ ಇಳಿದರೆ ಟೈಮಿಂಗೂ (ತೂತುಗಳು ತೆರೆದು ಮುಚ್ಚೋ ಹೊತ್ತು) ಬದಲಾಗುತ್ತೆ. ಎಕ್ಸಾಸ್ಟು, ಟ್ರಾನ್ಸ್‌ಫರು (ಕ್ರ್ಯಾಂಕ್‌ಕೇಸಿಂದ ಮಿಕ್ಸ್ಚರ್ ಸಿಲಿಂಡರಿಗೆ ಬರೋ ತೂತು) ತಡವಾಗಿ ತೆರೆದು ಬೇಗ ಮುಚ್ಚುತ್ತವೆ, ಇನ್‌ಟೇಕ್ ಮಾತ್ರ ಹೆಚ್ಚು ಹೊತ್ತು ತೆರೆದಿರುತ್ತೆ.
ಎಕ್ಸಾಸ್ಟ್ ಅಗಲ ಬೋರಿನ 60 ಪರ್ಸೆಂಟ್, ಅಂದರೆ ನಿಮ್ಮದಕ್ಕೆ 30 ಎಂಎಂ, ಅಲ್ಲಿಗೆ ನಿಲ್ಲಿಸಿದರೆ ಕ್ಷೇಮ. ಅದಕ್ಕಿಂತ ಅಗಲವಾದಷ್ಟೂ ರಿಂಗು ತೂತೊಳಗೆ ಉಬ್ಬಿ ಸಿಕ್ಕಿಕೊಳ್ಳೋ ಭಯ. ಕೆತ್ತಿದ ಮೇಲೆ ಅಂಚನ್ನು ಸವರಿ ದುಂಡಗೆ ಮಾಡೋದು ಮರೆತರೆ ರಿಂಗು ಮೊದಲ ನಿಮಿಷದಲ್ಲೇ ತುಂಡು.

ಮರಕೊಯ್ಕ:
ಅಣ್ಣಾ, ಟೊಪ್ಪಿಗೆ ಕಿತ್ತೆ. ಮುಕ್ಕಾಲು ಸುತ್ತು ಬಿಚ್ಚಿದ ಮೇಲೆ ಉಗ್ಗೋಕೆ ಶುರುವಾಯ್ತು, ಮರಕ್ಕೆ ಇಟ್ಟರೆ ಸಾಫ್. ಟ್ಯಾಕೋದಲ್ಲಿ 13,000ದ ಆಸುಪಾಸು, ಪುಸ್ತಕದ ಮಿತಿಯೊಳಗೇ ಇದೆ. ಕೇಳೋಕೆ ಕೆಟ್ಟದಾಗಿದೆ ಅನ್ನೋದು ನಿಜ, ಆದರೆ ಕೊಯ್ಯೋದು ಮೊದಲಿಗಿಂತ ಜೋರು. ಸೈಲೆನ್ಸರ್ ಬಿಚ್ಚಿ ಒಳಗೆ ಬ್ಯಾಟರಿ ಬಿಟ್ಟು ನೋಡಿದೆ, ಪಿಸ್ಟನ್ ಮೇಲೆ ಒಂದೇ ಒಂದು ಸಣ್ಣ ಗೀರು. ಬದುಕಿದೆ. ಜಾಲರಿನೂ ಹಾಕಿದೆ.
ಸ್ಕ್ವಿಶ್ 0.9 ಬಂತು. ಗ್ಯಾಸ್ಕೆಟ್ 0.5. ತೆಗೆದರೆ 0.4 ಉಳಿಯುತ್ತೆ, ಹಾಗಾಗಿ ಅದು ಇದ್ದಲ್ಲೇ ಇರಲಿ.
ಆದರೆ ಐಡಲ್ ಇನ್ನೂ ತಡವಾಗಿ ಇಳಿಯುತ್ತೆ. ಮಷಿನ್ ಒಂದು ಕಡೆ ವಾಲಿಸಿದರೆ ಇನ್ನೂ ಜಾಸ್ತಿ.

ಹಳೇಪಿಸ್ಟನ್:
ಹಾಗಾದರೆ ಅದು ಸ್ಕ್ರೂ ದೋಷ ಅಲ್ಲ, ಎಲ್ಲೋ ಗಾಳಿ ಎಳೀತಿದೆ. ಸೆಕೆಂಡ್ ಹ್ಯಾಂಡ್ ಅಂದೆ, ನನ್ನ ಅನುಮಾನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಹೊರಬರೋ ಕಡೆ ಗಾಳಿ ತಡೆಯೋ ರಬ್ಬರ್ ಬಳೆ) ಮೇಲೆ, ಇಲ್ಲಾ ಕಾರ್ಬ್ಯುರೇಟರ್‌ಗೂ ಸಿಲಿಂಡರಿಗೂ ನಡುವಿನ ಇನ್‌ಟೇಕ್ ರಬ್ಬರು. ಎಕ್ಸಾಸ್ಟು ಇನ್‌ಟೇಕು ಎರಡೂ ಮುಚ್ಚಿ ಪಂಪಲ್ಲಿ 0.5 ಬಾರ್ ಗಾಳಿ ತುಂಬು, ಸೋಪಿನ ನೀರು ಹಚ್ಚು, ಗುಳ್ಳೆ ಎಲ್ಲಿ ಏಳುತ್ತೋ ನೋಡು. ಆಮೇಲೆ ವ್ಯಾಕ್ಯೂಮೂ ಕೊಟ್ಟು ನೋಡು, ಕೆಲವು ಸೀಲು ಎಳೆದಾಗ ಮಾತ್ರ ಸೋರುತ್ತೆ. ಅದು ಸರಿಯಾಗೋ ತನಕ ಪೋರ್ಟಿಗೆ ಗ್ರೈಂಡರ್ ತಾಗಿಸಬೇಡ. ಸೀಲ್ ಬದಲಿಸೋಕೆ ಕ್ಲಚ್ ಬಿಚ್ಚಬೇಕಾಗುತ್ತೆ, ಅದರದ್ದು ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಎಡಕ್ಕೆ ಬಡಿದು ಬಡಿದು ನಾನೊಂದು ಕ್ಲಚ್ ಪುಡಿ ಮಾಡಿದ್ದೀನಿ.