2006 ಆಲ್ಟೋ, 1.58 ಲಕ್ಷ ಕಿಮೀ – ಆಯಿಲ್ ಕುಡೀತಿದೆ, 20ಡಬ್ಲ್ಯೂ-50 ಹಾಕ್ಸೋದಾ?

ತೀರ್ಥಳ್ಳಿ_ಆಲ್ಟೋ:
ನಮಸ್ಕಾರ ಎಲ್ರಿಗೂ. ನಂದು 2006ರ ಆಲ್ಟೋ, 796 ಸಿಸಿ ಮೂರು ಸಿಲಿಂಡರ್ ಪೆಟ್ರೋಲ್, ಅಪ್ಪ ತಗೊಂಡಿದ್ದು, ಮೀಟರಲ್ಲಿ 1,58,000 ಚಿಲ್ರೆ ಇದೆ. ವಾರಕ್ಕೊಂದ್ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರ್ತೀನಿ, ಉಳಿದಂಗೆ ಪೇಟೆ, ತೋಟ ಅಷ್ಟೇ. ಆಯಿಲ್ ಬದಲಾಯಿಸಿ ಎರಡು ತಿಂಗಳಾಗಿದೆ, ಮೊನ್ನೆ ಕಡ್ಡಿ ಎಳೆದು ನೋಡಿದ್ರೆ ಕೆಳಗಿನ ಗುರುತಿಗೆ ಬಂದು ನಿಂತಿದೆ! ಶೆಡ್ಡಿನ ನೆಲದಲ್ಲಿ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಟಕ್ ಟಕ್ ಅನ್ನುತ್ತೆ, ಆಮೇಲೆ ಕಡಿಮೆ ಆಗುತ್ತೆ.

ಸರ್ವೀಸ್ ಮಾಡಿಸಿದ ಕಡೆ 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿದ್ರು, ಬಿಲ್ ನೋಡಿ ಗೊತ್ತಾಗಿದ್ದು. ನಮ್ಮೂರ ಮೇಸ್ತ್ರಿ ಅದನ್ನ ನೋಡಿ "ಇದು ನೀರಿದ್ದಂಗೆ ಇರುತ್ತೆ ಮಾರಾಯ್ರೆ, ದಪ್ಪ 20ಡಬ್ಲ್ಯೂ-50 ಹಾಕಿ, ಜೊತೆಗೊಂದು ಹೊಗೆ ನಿಲ್ಸೋ ಬಾಟ್ಲಿ ಸುರೀರಿ" ಅಂದ್ರು. ಸ್ಪೇರ್ಸ್ ಅಂಗಡಿಯವ್ರು ಹೇಳೋದು ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದ್ರೆ ಸೀಲೆಲ್ಲ ಹೋಗುತ್ತೆ ಅಂತ. ಮೂರು ಜನ ಮೂರು ಥರ. ಯಾರ ಮಾತು ಕೇಳೋದು?

ಹುಬ್ಬಳ್ಳಿ_ಓಮ್ನಿ:
ನಿಮ್ಮ ಮೇಸ್ತ್ರಿ ಹೇಳಿದ್ದು ಪೂರಾ ಸುಳ್ಳಲ್ಲ ಬಿಡ್ರಿ. ನಂದು ಓಮ್ನಿ 2 ಲಕ್ಷ ದಾಟೇತಿ, ನಾಕು ವರ್ಷದಿಂದ 20ಡಬ್ಲ್ಯೂ-50ನ ಹಾಕಾಕತ್ತೀನಿ, ಸೌಂಡೂ ಕಡಿಮಿ, ಕುಡಿಯೋದೂ ಕಡಿಮಿ. ನಮ್ಮ ಕಡೆ ಬಿಸಲು ಭಾಳ. ಆದ್ರ ಆ ಬಾಟ್ಲಿ ಮಾತ್ರ ಹಾಕಬ್ಯಾಡ್ರಿ, ರೊಕ್ಕ ದಂಡ.

ಗ್ರೀಸ್‌ಕೈ:
ಆಯಿಲ್ ಯಾವ್ದು ಅನ್ನೋದು ಆಮೇಲೆ. ಮೊದ್ಲು ಆಯಿಲ್ ಎಲ್ಲಿಗೆ ಹೋಗ್ತಿದೆ ಅಂತ ಕಂಡುಹಿಡೀಬೇಕು. ಹೊಗೆ ಯಾವ ಬಣ್ಣ, ಯಾವಾಗ ಬರುತ್ತೆ? ಬೆಳಿಗ್ಗೆ ಸ್ಟಾರ್ಟಲ್ಲಾ, ಏರು ಹತ್ತೋವಾಗ್ಲಾ, ಇಳಿಯೋವಾಗ್ಲಾ? ಎರಡು ತಿಂಗಳಲ್ಲಿ ಎಷ್ಟು ಕಿಮೀ ಓಡಿದೆ? ಘಾಟಿ ಇಳಿಯೋವಾಗ ಹಿಂದೆ ಯಾರನ್ನಾದ್ರೂ ಬೈಕಲ್ಲಿ ಬರೋಕೆ ಹೇಳಿ, ನಮಗೆ ಕನ್ನಡಿಲಿ ಸರಿ ಕಾಣಲ್ಲ.

ತೀರ್ಥಳ್ಳಿ_ಆಲ್ಟೋ:
ಸುಮಾರು 1600 ಕಿಮೀ ಓಡಿದೆ ಸರ್. ಮೇಲಿನ ಗುರುತಿಗೆ ತರೋಕೆ ಮುಕ್ಕಾಲು ಲೀಟರಿಗಿಂತ ಜಾಸ್ತಿ ಬೇಕಾಯ್ತು. ತಮ್ಮನ್ನ ಬೈಕಲ್ಲಿ ಕರ್ಕೊಂಡು ಹೋಗಿದ್ದೆ. 14 ಹೇರ್‌ಪಿನ್ ತಿರುವೂ ಎರಡನೇ ಗೇರಲ್ಲಿ ಕಾಲು ತೆಗೆದು ಇಳಿಸ್ದೆ, ಆಗೇನೂ ಇರ್ಲಿಲ್ವಂತೆ, ಸೋಮೇಶ್ವರ ಹತ್ರ ನೆಟ್ಟಗಿನ ರಸ್ತೆ ಸಿಕ್ಕಿ ಆಕ್ಸಿಲರೇಟರ್ ಒತ್ತಿದ್ ಕೂಡ್ಲೇ ಸೈಲೆನ್ಸರಿಂದ ನೀಲಿ ಹೊಗೆ ಗುಪ್ ಅಂತ ಬಂತಂತೆ, ಆಮೇಲೆ ಕ್ಲಿಯರ್. ವಾಪಸ್ ಘಾಟಿ ಹತ್ತೋವಾಗ ಒಂಚೂರೂ ಇಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟಲ್ಲಿ ಸ್ವಲ್ಪ ನೀಲಿ ಬರುತ್ತೆ.

ಗ್ರೀಸ್‌ಕೈ:
ಅರ್ಧ ಉತ್ತರ ನಿಮ್ಮ ತಮ್ಮನೇ ಕೊಟ್ಟಾಯ್ತು. ಕಾಲು ತೆಗೆದು ಇಳಿಯೋವಾಗ ಥ್ರಾಟಲ್ ಮುಚ್ಚಿರುತ್ತೆ, ಆದ್ರೆ ಚಕ್ರ ಎಂಜಿನ್‌ನ ತಿರುಗಿಸ್ತಾನೇ ಇರುತ್ತೆ, ಇನ್‌ಟೇಕ್ ಒಳಗೆ ಜೋರು ವ್ಯಾಕ್ಯೂಮ್ ಆಗುತ್ತೆ. ವಾಲ್ವ್ ಸೀಲ್ (ವಾಲ್ವ್ ಕಡ್ಡಿ ಹತ್ರ ಆಯಿಲ್ ತಡೆಯೋ ರಬ್ಬರ್) ಒಣಗಿ ಗಟ್ಟಿಯಾಗಿದ್ರೆ ಆ ವ್ಯಾಕ್ಯೂಮ್ ಮೇಲಿನ ಆಯಿಲ್‌ನ ವಾಲ್ವ್ ಕಡ್ಡಿ ಪಕ್ಕದಿಂದ ಒಳಗೆಳೆಯುತ್ತೆ. ಒತ್ತಿದ್ ತಕ್ಷಣ ಅದೆಲ್ಲ ಉರಿದು ನೀಲಿ ಹೊಗೆ. ಬೆಳಿಗ್ಗೆ ಬರೋದೂ ಅದೇ ಕಥೆ, ರಾತ್ರಿಯೆಲ್ಲ ಇಳಿದಿರುತ್ತೆ. ಪಿಸ್ಟನ್ ರಿಂಗ್ ಸವೆದಿದ್ರೆ ಘಾಟಿ ಹತ್ತೋವಾಗ, ಲೋಡ್ ಬಿದ್ದಾಗ ಹೊಗೆ ಬರಬೇಕಿತ್ತು. ಆದ್ರೂ ಒಂದು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡ್ಸಿ, ಒಣ ಒಂದ್ಸಲ, ಪ್ಲಗ್ ತೂತಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದ್ಸಲ. ಎರಡನೇ ಸಲ ರೀಡಿಂಗ್ ಚೆನ್ನಾಗಿ ಏರಿದ್ರೆ ರಿಂಗ್, ಏರದಿದ್ರೆ ರಿಂಗ್ ಬಗ್ಗೆ ಚಿಂತೆ ಬಿಡಿ.

ಈಗ ಗ್ರೇಡ್ ವಿಷ್ಯ. ಡಬ್ಲ್ಯೂಗಿಂತ ಮೊದಲು ಬರೋ ನಂಬರು ಚಳಿದು, 5ಡಬ್ಲ್ಯೂ ಟೆಸ್ಟ್ ಮಾಡೋದು ಮೈನಸ್ 30 ಡಿಗ್ರೀಲಿ, 15ಡಬ್ಲ್ಯೂ ಮೈನಸ್ 20ರಲ್ಲಿ, 20ಡಬ್ಲ್ಯೂ ಮೈನಸ್ 15ರಲ್ಲಿ. ತೀರ್ಥಹಳ್ಳಿಲಿ ಆ ಚಳಿ ಎಲ್ಲಿಂದ ಬರ್ಬೇಕು? ಎಂಜಿನ್ ಬಿಸಿಯಾದ ಮೇಲೆ ಎಷ್ಟು ದಪ್ಪ ಇರುತ್ತೆ ಅನ್ನೋದು ಎರಡನೇ ನಂಬರು. 100 ಡಿಗ್ರೀಲಿ ಅಳೀತಾರೆ, 30 ಅಂದ್ರೆ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ), 40 ಅಂದ್ರೆ 12.5ರಿಂದ 16.3, 50 ಅಂದ್ರೆ 16.3ರಿಂದ 21.9. ಹಂಗಾಗಿ 30ರಿಂದ ಒಂದೇ ಸಲ 50ಕ್ಕೆ ಹಾರಿದ್ರೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಪಟ್ಟು ದಪ್ಪ. ಹೊಗೆ ಕಡಿಮೆ ಆಗಬಹುದು, ಆದ್ರೆ ಬೆಳಿಗ್ಗೆ ತಣ್ಣಗಿದ್ದಾಗ ಮೇಲೆ ರಾಕರ್ (ವಾಲ್ವ್ ಒತ್ತೋ ತೋಳು) ತನಕ ತಲುಪೋಕೆ ನಿಧಾನ ಆಗುತ್ತೆ, ನಿಮಗೆ ಟಕ್ ಟಕ್ ಬರ್ತಿರೋದೇ ಅಲ್ಲಿ, ಮೈಲೇಜೂ ಒಂಚೂರು ಹೋಗುತ್ತೆ. ಡ್ಯಾಶ್‌ಬೋರ್ಡ್ ಪೆಟ್ಟಿಗೇಲಿ ಮ್ಯಾನ್ಯುಯಲ್ ಇದ್ರೆ ತೆಗೀರಿ, ಅದರಲ್ಲಿ ಉಷ್ಣಾಂಶದ ಚಾರ್ಟ್ ಹುಡುಕಿ. ಅದು ಒಪ್ಪಿದ್ರೆ ನಾನಾಗಿದ್ರೆ 15ಡಬ್ಲ್ಯೂ-40 ಹಾಕ್ತೀನಿ.

ಟಕ್ ಟಕ್‌ಗೆ ಆಯಿಲ್ ಮೇಲೇ ಗೂಬೆ ಕೂರಿಸ್ಬೇಡಿ. ಲೆವೆಲ್ ಅಷ್ಟು ಇಳಿದಿತ್ತಲ್ಲ, ಅದೂ ಒಂದು ಕಾರಣ. ಈ ಎಂಜಿನಲ್ಲಿ ಟ್ಯಾಪೆಟ್‌ಗೆ, ಅಂದ್ರೆ ವಾಲ್ವ್ ಮೇಲಿನ ಸಂದಿ ಸರಿ ಮಾಡೋಕೆ, ಸ್ಕ್ರೂ ಇದೆ, ಎಂಜಿನ್ ತಣ್ಣಗಿದ್ದಾಗ ಸಂದಿ ಅಳೆಯೋ ಫೀಲರ್ ಗೇಜ್ ಹಾಕಿ ಸೆಟ್ ಮಾಡ್ಸಿ. "ಕಿವೀಲಿ ಕೇಳೇ ಮಾಡ್ತೀನಿ" ಅನ್ನೋರ ಹತ್ರ ಬೇಡ.

ಕುಡ್ಲ_ಗ್ಯಾರೇಜ್:
ಒಂದು ವಿಷಯ ಬಿಟ್ಟುಹೋಯ್ತು ಮಾರಾಯ್ರೆ, ಪಿಸಿವಿ ವಾಲ್ವ್, ಎಂಜಿನ್ ಕೆಳಭಾಗದ (ಕ್ರ್ಯಾಂಕ್‌ಕೇಸ್) ಗ್ಯಾಸನ್ನ ಇನ್‌ಟೇಕಿಗೆ ಬಿಡೋ ಚಿಕ್ಕ ವಾಲ್ವ್. ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಕಟಕಟ ಅಂದ್ರೆ ಪರವಾಗಿಲ್ಲ, ಮೂಕ ಆಗಿದ್ರೆ ಜಾಮ್ ಆಗಿದೆ. ಅದು ಕಟ್ಟಿಕೊಂಡ್ರೆ ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಜಾಸ್ತಿ ಆಗಿ ಎಲ್ಲೆಲ್ಲೋ ಆಯಿಲ್ ಹೊರಗೆ ತಳ್ತದೆ. ಅದನ್ನ ನೋಡದೆ ಎಂಜಿನ್ ಹೆಡ್ (ಮೇಲಿನ ವಾಲ್ವ್ ಇರೋ ಭಾಗ) ಬಿಚ್ಚಿಸಿ ದುಡ್ಡು ಕಳ್ಕೊಂಡವರನ್ನ ತುಂಬ ನೋಡಿದ್ದೇನೆ.

ಸಿಂಥೆಟಿಕ್‌ನಿಂದ ಸೀಲ್ ಹೋಗ್ತದೆ ಅನ್ನೋದು ಹಳೇ ಕಾಲದ ಮಾತು, ಮೊದಮೊದಲು ಬಂದವುಗಳಲ್ಲಿ ಆ ತೊಂದರೆ ಇತ್ತು. ಈಗಿನದ್ರಲ್ಲಿ ಆಗೋದು ಏನಂದ್ರೆ, ಮೊದಲೇ ಬಿರುಕು ಬಿಟ್ಟ ಸೀಲಿಗೆ ಜಿಡ್ಡು ಮೆತ್ತಿಕೊಂಡು ಸೋರದೆ ನಿಂತಿರ್ತದೆ, ಒಳ್ಳೇ ಆಯಿಲ್ ಆ ಜಿಡ್ಡನ್ನ ತೊಳೀತದೆ, ಸೋರೋದು ಆಗ ಕಾಣ್ತದೆ.

ತೀರ್ಥಳ್ಳಿ_ಆಲ್ಟೋ:
ಥ್ಯಾಂಕ್ಸ್ ಸರ್. ಇನ್ನೊಂದು ಪ್ರಶ್ನೆ, ಮನೇಲಿ ಟ್ರ್ಯಾಕ್ಟರಿಗೆ ಅಂತ ತಂದಿದ್ದ 15ಡಬ್ಲ್ಯೂ-40 ಡಬ್ಬ ಇದೆ, ಮೇಲೆ ಸಿಐ-4 ಅಂತಿದೆ. ಅದನ್ನೇ ಹಾಕಬಹುದಾ? ಎಂಜಿನ್ ಫ್ಲಶ್ ಮಾಡ್ಸೋದಾ?

ಗ್ರೀಸ್‌ಕೈ:
ಸಿ ಅಂದ್ರೆ ಡೀಸೆಲ್, ಎಸ್ ಅಂದ್ರೆ ಪೆಟ್ರೋಲ್. ಒಂದೇ ಡಬ್ಬದ ಮೇಲೆ ಎರಡೂ ಬರೆದಿದ್ರೆ ಸರಿ, ಬರೀ ಸಿಐ-4 ಇದ್ರೆ ಟ್ರ್ಯಾಕ್ಟರಿಗೇ ಇರ್ಲಿ. ಪೆಟ್ರೋಲ್ ಗ್ರೇಡಲ್ಲಿ ಎಸ್‌ಎನ್ 2010ರಲ್ಲಿ ಬಂದಿದ್ದು, ಎಸ್‌ಪಿ 2020ರಲ್ಲಿ, ಎರಡರಲ್ಲಿ ಯಾವ್ದಾದ್ರೂ ನಿಮ್ಮ ಗಾಡಿ ಕೇಳೋದಕ್ಕಿಂತ ಜಾಸ್ತೀನೇ. ಫ್ಲಶ್ ಬೇಡ, ಕೆಸರು ಒಂದೇ ಸಲ ಕಿತ್ಕೊಂಡು ಬಂದು ಕೆಳಗಿನ ಜಾಲರಿಗೆ ಕೂತ್ರೆ ಪಂಪಿಗೆ ಆಯಿಲ್ಲೇ ಸಿಗಲ್ಲ. ಈ ಸಲ 3000ಕ್ಕೇ ಬದಲಾಯಿಸಿ, ಪ್ರತಿ ಸಲ ಫಿಲ್ಟರ್ ಸಮೇತ, ನಿಧಾನಕ್ಕೆ ತೊಳ್ಕೊಂಡು ಹೋಗುತ್ತೆ. ಖಾಲಿ ಡಬ್ಬಕ್ಕೆ ತೂತು ಹೊಡೆದು ಬಿಸಾಕಿ, ಇಲ್ಲಾಂದ್ರೆ ಅದೇ ಡಬ್ಬಕ್ಕೆ ಏನೋ ತುಂಬಿ ಮತ್ತೆ ಯಾರಿಗೋ ಮಾರ್ತಾರೆ.

ತೀರ್ಥಳ್ಳಿ_ಆಲ್ಟೋ:
ಅಪ್‌ಡೇಟ್. ಪಿಸಿವಿ ತೆಗೆಸಿ ಅಲ್ಲಾಡಿಸಿದ್ರೆ ಸದ್ದೇ ಇಲ್ಲ, ಒಳಗೆ ಟಾರು ಮೆತ್ತಿದಂಗಿತ್ತು, ಹೊಸದು ಹಾಕ್ಸಿದೆ. ಕಂಪ್ರೆಷನ್ ಮೂರೂ ಸಿಲಿಂಡರಲ್ಲಿ ಹತ್ತತ್ರ ಒಂದೇ, ಆಯಿಲ್ ಬಿಟ್ಟು ನೋಡಿದ್ರೂ ಏರ್ಲಿಲ್ಲ. ಮ್ಯಾನ್ಯುಯಲ್ ಇಲಿ ಕಡಿದಿತ್ತು, ಪುಣ್ಯಕ್ಕೆ ಚಾರ್ಟಿನ ಪುಟ ಉಳಿದಿತ್ತು, 15ಡಬ್ಲ್ಯೂ-40 ಅದರಲ್ಲಿದೆ. ಎಸ್‌ಎನ್ ಮಿನರಲ್ಲೇ ತಂದೆ, ಮೂರು ಲೀಟರಲ್ಲಿ ಸ್ವಲ್ಪ ಉಳೀತು. ಟ್ಯಾಪೆಟ್ ಸೆಟ್ ಮಾಡಿಸಿದ್ಮೇಲೆ ಬೆಳಗಿನ ಸದ್ದು ಹೋಗಿದೆ. 1000 ಕಿಮೀ ಆಯ್ತು, 200 ಎಂಎಲ್ ಹಾಕಿದೆ. ಸೋಮೇಶ್ವರದಲ್ಲಿ ಗುಪ್ ಅನ್ನೋದು ಇನ್ನೂ ಇದೆ, ಮೊದಲಿನಷ್ಟಿಲ್ಲ. ಹೆಡ್ ಬಿಚ್ಚಲೇಬೇಕಾ?

ಗ್ರೀಸ್‌ಕೈ:
1000ಕ್ಕೆ 200 ಈ ವಯಸ್ಸಿನ ಗಾಡಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಸೀಲ್ ಹಾಕ್ಸೋದಾದ್ರೆ ಹೆಡ್ ಇಳಿಸ್ದೇನೂ ಆಗುತ್ತೆ, ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಕೆಳಗೆ ಬೀಳದಂಗೆ ಹಿಡ್ಕೊಂಡು ಸ್ಪ್ರಿಂಗ್ ತೆಗೀತಾರೆ, ಅದು ಗೊತ್ತಿರೋರನ್ನ ಶಿವಮೊಗ್ಗದಲ್ಲಿ ವಿಚಾರಿಸಿ. ಹೆಂಗೂ ಟೈಮಿಂಗ್ ಬೆಲ್ಟ್ (ಎಂಜಿನ್ ಜೊತೆ ವಾಲ್ವ್ ತಾಳ ಹಿಡಿಯೋ ಬೆಲ್ಟ್) ಬದಲಾಯಿಸೋಕೆ ಬಂದಾಗ ಒಟ್ಟಿಗೆ ಮಾಡ್ಸಿ. ಬೆಲ್ಟ್ ಕೊನೇ ಸಲ ಯಾವಾಗ ಹಾಕ್ಸಿದ್ದು?

ತೀರ್ಥಳ್ಳಿ_ಆಲ್ಟೋ:
ಅಪ್ಪನ್ನ ಕೇಳಿ ಹೇಳ್ತೀನಿ ಸರ್.

ಹುಬ್ಬಳ್ಳಿ_ಓಮ್ನಿ:
ಕೇಳಿ ಹೇಳ್ತೀನಿ ಅಂದ್ರ ಹಾಕ್ಸೇ ಇಲ್ಲ ಅಂತ ತಿಳ್ಕೊಳ್ರಿ. ಘಾಟಿ ಇಳಿಯೋ ಗಾಡಿ, ಮೊದಲ ಅದನ್ನ ಹಾಕಸ್ರಿ. ನಾನೂ ಇವತ್ತ ಪಿಸಿವಿ ತೆಗದು ಅಲ್ಲಾಡಿಸಿ ನೋಡ್ದೆ, ನಂದೂ ಮೂಕ ಆಗೇತ್ರಿ.